ತುದಿ ಒಂದೇ, ಒಡಲು ಬೇರೆ

ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಪ್ರಾಜೆಕ್ಟ್ ಪ್ರದರ್ಶನದ ಹಿಂದಿನ ರಾತ್ರಿ ಮನೆಯಲ್ಲಿ ತಾಲೀಮು ನಡೆಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ದೊಡ್ಡ ಮಾನಿಟರಿಗೆ ಜೋಡಿಸಲು ಅವಳ ಕೈಗೆ ಸಿಕ್ಕಿದ್ದು ಮೊಬೈಲ್ ಚಾರ್ಜ್ ಮಾಡುವ ಕೇಬಲ್. ಎರಡೂ ತುದಿಗಳು ಸರಿಯಾಗಿಯೇ ಕೂತವು. ಪರದೆ ಮಾತ್ರ ಕಪ್ಪಾಗಿ ಉಳಿಯಿತು. ‘ಲ್ಯಾಪ್‌ಟಾಪ್ ಕೆಟ್ಟಿರಬೇಕು, ಬೆಳಿಗ್ಗೆ ರಿಪೇರಿಗೆ ಕೊಡೋಣ’ ಎಂದರು ಅಪ್ಪ. ವಾಸ್ತವವಾಗಿ ಅಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಆ ಕೇಬಲಿನೊಳಗೆ ಚಿತ್ರವನ್ನು ಸಾಗಿಸುವ ತಂತಿಗಳೇ ಇರಲಿಲ್ಲ!

ತೊಂಬತ್ತರ ದಶಕದ ಗಣಕದಲ್ಲಿ ಇಂಥ ಗೊಂದಲಕ್ಕೆ ಎಡೆಯಿರಲಿಲ್ಲ. ಮಾನಿಟರಿಗೆ 15 ಪಿನ್ನುಗಳ ವಿಜಿಎ ಕೇಬಲ್, ಪ್ರಿಂಟರಿಗೆ 25 ರಂಧ್ರಗಳ ಅಗಲವಾದ ಪೋರ್ಟ್, ಕೀಲಿಮಣೆಗೂ ಮೌಸಿಗೂ ದುಂಡನೆಯ ಪಿನ್ನು. ಒಂದರ ಕೇಬಲ್ ಇನ್ನೊಂದರ ಜಾಗದಲ್ಲಿ ಕೂರುತ್ತಿದ್ದುದು ಅಪರೂಪ. ಆಕಾರವೇ ಕೆಲಸವನ್ನು ಹೇಳುತ್ತಿತ್ತು. ಆದರೆ ಮೇಜಿನ ಹಿಂದೆ ತಂತಿಗಳ ಕಾಡೇ ಬೆಳೆಯುತ್ತಿತ್ತು.

ಈ ಕಾಡನ್ನು ಕಡಿಯಲು 1996ರಲ್ಲಿ ಬಂದದ್ದು ಯುಎಸ್‌ಬಿ. ವಡೋದರದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದ ಇಂಟೆಲ್ ಸಂಸ್ಥೆ ಸೇರಿದ ಅಜಯ್ ಭಟ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಎಲ್ಲ ಉಪಕರಣಕ್ಕೂ ಒಂದೇ ಬಗೆಯ ಜೋಡಣೆ ಎಂಬುದು ಅದರ ಗುರಿ. 2014ರಲ್ಲಿ ಬಂದ ‘ಸಿ’ ಮಾದರಿಯಂತೂ ತಿರುಗಿಸಿ ಹಾಕಿದರೂ ಕೂರುತ್ತದೆ. ವಿದ್ಯುತ್ತು, ಮಾಹಿತಿ, ಚಿತ್ರ ಮೂರನ್ನೂ ಸಾಗಿಸಬಲ್ಲದು.

‘ಸಾಗಿಸಬಲ್ಲದು’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಸಿ ಮಾದರಿಯ ಜೋಡಣೆಯಲ್ಲಿ 24 ಸಂಪರ್ಕ ಬಿಂದುಗಳಿಗೆ ಜಾಗವಿದೆ. ಆದರೆ ಅಷ್ಟಕ್ಕೂ ತಂತಿ ಎಳೆಯಬೇಕೆಂಬ ಕಡ್ಡಾಯವಿಲ್ಲ. ಮೊಬೈಲಿನ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳೂ ಹಳೆಯ ಯುಎಸ್‌ಬಿ 2.0ರ ಮಾಹಿತಿ ತಂತಿಗಳೂ ಮಾತ್ರ ಇರುತ್ತವೆ. ಮಾನಿಟರಿಗೆ ಚಿತ್ರ ಕಳಿಸುವ ಹೆಚ್ಚು ವೇಗದ ಜೋಡಿಗಳನ್ನು ಬಿಟ್ಟಿರುತ್ತಾರೆ. ವಿದ್ಯಾರ್ಥಿನಿಯ ಪರದೆ ಕಪ್ಪಾಗಿದ್ದುದು ಇದರಿಂದಲೇ.

ಮಾಹಿತಿಯ ವೇಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. 6 ಗಿಗಾಬೈಟಿನ ಒಂದು ವಿಡಿಯೊ ಸಾಗಲು ಕನಿಷ್ಠ 100 ಸೆಕೆಂಡು ಬೇಕು. 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಕೇಬಲಿಗೆ ಲೆಕ್ಕದ ಪ್ರಕಾರ 12 ಸೆಕೆಂಡು ಸಾಕು. ಬಳಕೆಯಲ್ಲಿ ಎರಡೂ ಇನ್ನಷ್ಟು ನಿಧಾನವೇ.

ಇನ್ನು ವಿದ್ಯುತ್ತು. ಎರಡೂ ತುದಿಗಳಲ್ಲಿ ಸಿ ಇರುವ ಸಾಮಾನ್ಯ ಕೇಬಲ್ 3 ಆಂಪಿಯರ್ ಸಾಗಿಸುತ್ತದೆ. 20 ವೋಲ್ಟಿನಲ್ಲಿ ಅದು 60 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಲ್ಯಾಪ್‌ಟಾಪಿಗೆ 5 ಆಂಪಿಯರಿನ ಕೇಬಲ್ ಬೇಕು. ಅದರ ತುದಿಯಲ್ಲಿರುವ ಪುಟ್ಟ ಚಿಪ್ಪು ‘ನಾನು ಇಷ್ಟು ತಾಳಬಲ್ಲೆ’ ಎಂದು ಚಾರ್ಜರಿಗೆ ತಿಳಿಸುತ್ತದೆ. 2021ರ ಪರಿಷ್ಕರಣೆಯ ನಂತರ ಈ ಮಿತಿ 240 ವಾಟ್‌ಗೆ ಏರಿದೆ. ಚಿಪ್ಪಿಲ್ಲದ ಕೇಬಲ್ ಹಾಕಿದರೆ ಚಾರ್ಜರು ತಾನಾಗಿ ಕೈ ಬಿಗಿ ಹಿಡಿಯುತ್ತದೆ. ಬ್ಯಾಟರಿ ತುಂಬಲು ಹೊತ್ತು ಹಿಡಿಯುತ್ತದೆ. ನಿಯಮ ಪಾಲಿಸದ ಅಗ್ಗದ ಕೇಬಲ್ ಮಾತ್ರ ಬಿಸಿಯಾಗುವ ಅಪಾಯವಿದೆ.

ಕಾಲೇಜಿನ ಸಭಾಂಗಣದ ಪ್ರೊಜೆಕ್ಟರಿನದು ಬೇರೆಯೇ ಕಥೆ. 1987ರ ವಿಜಿಎ ಚಿತ್ರವನ್ನಷ್ಟೇ ಒಯ್ಯುತ್ತದೆ, ಧ್ವನಿಗೆ ಪ್ರತ್ಯೇಕ ತಂತಿ ಬೇಕು. 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ಚಿತ್ರ, ಧ್ವನಿ ಎರಡನ್ನೂ ಅಂಕೀಯ ರೂಪದಲ್ಲಿ ಒಯ್ಯುತ್ತದೆ. ಎಚ್‌ಡಿಎಂಐ ಲ್ಯಾಪ್‌ಟಾಪನ್ನು ವಿಜಿಎ ಪ್ರೊಜೆಕ್ಟರಿಗೆ ಜೋಡಿಸಲು ಬರಿಯ ತಂತಿ ಸಾಲದು. ಸಂಜ್ಞೆಯನ್ನೇ ಬದಲಿಸುವ ಪರಿವರ್ತಕ ಬೇಕು.

ಆನ್‌ಲೈನ್ ಪರೀಕ್ಷೆ ಬರೆಯುವವರಿಗೆ ನೆಟ್‌ವರ್ಕ್ ಕೇಬಲ್ ಇಂದಿಗೂ ಆಪ್ತಮಿತ್ರ. ಗೋಡೆಗಳು ಅಡ್ಡ ಬಂದಾಗ ವೈಫೈ ಕುಂದುತ್ತದೆ, ಈ ಕೇಬಲ್ ಕುಂದದು. ಇದರಲ್ಲಿ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಹೆಣೆದ ಎರಡೂ ತಂತಿಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಗಣಕವು ಅವೆರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ವಜಾ ಆಗುತ್ತದೆ. ‘ಕ್ಯಾಟ್ 5ಇ’ ಎಂದು ಅಚ್ಚಾದ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ.

ಕೇಬಲ್ ಕೊಳ್ಳುವಾಗ ತುದಿಯ ಆಕಾರ ಹೇಳಿದರೆ ಸಾಲದು. ಎಷ್ಟು ವಾಟ್, ಎಷ್ಟು ವೇಗ, ಚಿತ್ರ ಬರುತ್ತದೆಯೇ ಎಂಬ ಮೂರು ವಿಷಯಗಳನ್ನು ಪೊಟ್ಟಣದ ಮೇಲೆ ಓದಿ ನೋಡಬೇಕು. ಲ್ಯಾಪ್‌ಟಾಪಿನ ಪೋರ್ಟಿಗೂ ಚಿತ್ರ ಕಳಿಸುವ ಸಾಮರ್ಥ್ಯವಿದೆಯೇ ಎಂದು ಅದರ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಮನೆಗೆ ತಂದ ಕೇಬಲಿಗೆ ಒಂದು ಚೀಟಿ ಅಂಟಿಸಿ ಅದರ ಕೆಲಸ ಬರೆದಿಟ್ಟರೆ ಅರ್ಧ ಗೊಂದಲ ಕಳೆದಂತೆ.

ಆ ರಾತ್ರಿ ಅಪ್ಪ ಮಗಳು ರಿಪೇರಿ ಅಂಗಡಿಯ ಯೋಚನೆ ಬಿಟ್ಟು ಅಟ್ಟದ ಮೇಲಿನ ಮಾನಿಟರಿನ ಡಬ್ಬಿ ಇಳಿಸಿ ನೋಡಬೇಕಿತ್ತು. ಮಾನಿಟರಿನ ಜೊತೆಗೇ ಬಂದ ಕೇಬಲ್, ಸುತ್ತಿದ್ದು ಸುತ್ತಿದ ಹಾಗೆಯೇ, ಅಲ್ಲಿ ಮಲಗಿತ್ತು.