ಗುಂಡನ ಜೊತೆ ನಾನಿರ್ತೀನಿ, ನೀವು ಹೋಗ್ಬನ್ನಿ

ಜಾರ್ಜಿಯಾಕ್ಕೆ ಟಿಕೆಟ್ ಬುಕ್ ಮಾಡಲು ಕೂತ ರಾತ್ರಿ ಟೇಬಲ್ ಮೇಲೆ ಐದು ಪಾಸ್‌ಪೋರ್ಟ್ ಇದ್ದವು. ನಾನು, ನನ್ನ ಗಂಡ, ತಮ್ಮ, ಅಪ್ಪ, ಅಮ್ಮ. ಗುದೌರಿಯಲ್ಲಿ ಸ್ಕೀಯಿಂಗ್ ಕಲಿಯಬೇಕು ಅನ್ನೋದು ತಮ್ಮನ ಆಸೆ. ಸ್ವಿಟ್ಜರ್ಲೆಂಡಿಗಿಂತ ಖರ್ಚು ಕಡಿಮೆ ಅನ್ನೋದು ನಮ್ಮೆಲ್ಲರ ಸಮಾಧಾನ. ನಾಲ್ಕು ಹೆಸರು ಟೈಪ್ ಮಾಡಿ ಐದನೆಯದಕ್ಕೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು: "ನಂದು ಬೇಡ. ಗುಂಡನ ಜೊತೆ ನಾನಿರ್ತೀನಿ, ನೀವು ಹೋಗ್ಬನ್ನಿ."

ಗುಂಡ ನಮ್ಮ ನಾಯಿ. ಏಳು ವರ್ಷದ ಹಿಂದೆ ಒಂದು ಮಳೆ ದಿನ ಜೆ.ಪಿ. ನಗರದ ನಮ್ಮ ಮನೆ ಗೇಟಿನ ಹತ್ತಿರ ಬಂದು ನಿಂತವನು, ಮತ್ತೆ ಹೋಗಲೇ ಇಲ್ಲ. ಅಪ್ಪಟ ಬೀದಿ ನಾಯಿ. ಕಿವಿಯ ತುದಿಯಲ್ಲಿ ಸಣ್ಣದಾಗಿ ಕತ್ತರಿಸಿದ ಗುರುತಿದೆ, ಅಂದ್ರೆ ಸಂತಾನಹರಣ ಚಿಕಿತ್ಸೆ ಆಗಿದೆ ಅಂತ. ಮೂರು ವರ್ಷದಿಂದ ಅವನಿಗೆ ಫಿಟ್ಸ್. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಫೀನೋಬಾರ್ಬಿಟಾಲ್ ಮಾತ್ರೆ ಕೊಡಬೇಕು. ಈ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಮರುಕಳಿಸಬಹುದು.

ಅಮ್ಮನ ಮಾತು ಕೇಳಿ ನನಗೆ ಮೊದಲು ಆಗಿದ್ದು ನಿರಾಳ. ಬರೆಯೋಕೆ ನಾಚಿಕೆಯಾಗುತ್ತೆ, ಆದರೆ ನಿಜ. ಆಮೇಲೆ ಅವಳ ಪಾಸ್‌ಪೋರ್ಟ್ ತೆರೆದು ನೋಡಿದೆ. ನಾಲ್ಕು ವರ್ಷದ ಹಿಂದೆ ಮಾಡಿಸಿದ್ದು, ಒಂದು ಸೀಲೂ ಇಲ್ಲ. ಗೋವಾ ಟ್ರಿಪ್‌ಗೆ ಅವಳು ಬರಲಿಲ್ಲ, ಗುಂಡನಿಗಾಗಿ. ಅದಕ್ಕೂ ಮುಂಚೆ ಹಾಸಿಗೆ ಹಿಡಿದಿದ್ದ ಅಜ್ಜಿಗಾಗಿ. ಅದಕ್ಕೂ ಮುಂಚೆ ನಮ್ಮಿಬ್ಬರ ಪರೀಕ್ಷೆಗಳಿಗಾಗಿ. ನಾವು ಪ್ರತಿ ಸಲ "ಅಮ್ಮನಿಗೆ ತಿರುಗಾಟ ಇಷ್ಟ ಇಲ್ಲ" ಅಂತ ಹೇಳಿಕೊಂಡು ಬಂದಿದ್ದೆವು. ಇಷ್ಟಾನಾ ಅಂತ ಯಾರೂ ಕೇಳಿರಲಿಲ್ಲ.

ಐದನೇ ಟಿಕೆಟ್ಟನ್ನೂ ಬುಕ್ ಮಾಡಿದೆ. "ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ" ಅಂದೆ. ಅಮ್ಮನಿಗೆ ನಾಟೋದು ಈ ಒಂದೇ ವಾದ.

ಆಮೇಲೆ ಶುರುವಾಯ್ತು ಹುಡುಕಾಟ. ಮೊದಲು ಊರಾಚೆಯ ಎರಡು ಬೋರ್ಡಿಂಗ್ ನೋಡಿ ಬಂದೆವು. ಒಂದು ಚೆನ್ನಾಗೇ ಇತ್ತು. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಕೆನಲ್ ಕಾಫ್ ಲಸಿಕೆಗಳ ದಾಖಲೆ ಇಲ್ಲದೆ ಒಳಗೇ ಬಿಡೋದಿಲ್ಲ ಅಂದ್ರು. ಹಾಗೆ ಕೇಳುವ ಜಾಗವೇ ಒಳ್ಳೇದು, ಯಾಕಂದ್ರೆ ಪಕ್ಕದ ನಾಯಿಗೂ ಲಸಿಕೆ ಆಗಿರುತ್ತೆ. ಇನ್ನೊಂದರಲ್ಲಿ ಏನೂ ಕೇಳಲಿಲ್ಲ, ಅಡ್ವಾನ್ಸ್ ಮಾತ್ರ ಕೇಳಿದರು. ಅಲ್ಲಿನ ಒಂದು ಲ್ಯಾಬ್ರಡಾರ್ ಕಿವಿಯಲ್ಲಿ ಉಣುಗು ಕಾಣಿಸಿತು. ಉಣುಗಿನಿಂದ ಟಿಕ್ ಫೀವರ್ ಬರುತ್ತೆ, ಅದು ಜೀವಕ್ಕೂ ಕುತ್ತಾಗಬಹುದು. ಗಾಡಿ ತಿರುಗಿಸಿದೆವು.

ನಮ್ಮ ಡಾಕ್ಟರ್ ಹೇಳಿದ್ದು ಸರಳ: "ಫಿಟ್ಸ್ ಇರೋ ನಾಯಿಗೆ ಜಾಗ ಬದಲಾಯಿಸೋದಕ್ಕಿಂತ, ಮನೆಗೇ ಮನುಷ್ಯರನ್ನ ಕರೆಸಿ." ಅವರೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿಯ ನಂಬರ್ ಕೊಟ್ಟರು. ಹಾವೇರಿ ಕಡೆಯವಳು. ಎಂಟು ರಾತ್ರಿ ನಮ್ಮ ಮನೆಯಲ್ಲೇ ಇರಲು ಒಪ್ಪಿದಳು, ದಿನಕ್ಕೆ 1,200 ರೂಪಾಯಿ.

ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನಾಯಿಗೆ ಅನ್ನ ಹಾಕೋಕೆ ಇಷ್ಟಾ?"

ನನ್ನ ಗಂಡ ಮೆಲ್ಲಗೆ ಕೇಳಿದ: "ಹಾಗಾದ್ರೆ ನಿಮಗೆ ಏಳು ವರ್ಷದ ಬಾಕಿ ಎಷ್ಟಾಯ್ತು ಅತ್ತೆ?"

ಅಮ್ಮ ನಕ್ಕಳು. ನಾನು ನಗಲಿಲ್ಲ.

ಆಫೀಸಲ್ಲಿ ಯಾರಾದ್ರೂ ರಜೆ ಹಾಕಿದರೆ ಹ್ಯಾಂಡೋವರ್ ಡಾಕ್ಯುಮೆಂಟ್ ಬರೀತೀವಲ್ಲ, ಹಾಗೇ ಗುಂಡನದ್ದೂ ಬರೆಯೋಣ ಅಂತ ಕೂತೆ. ಅರ್ಧ ಪುಟ ಆಗಬಹುದು ಅಂದುಕೊಂಡಿದ್ದೆ. ಅಮ್ಮ ಹೇಳ್ತಾ ಹೋದಳು, ನಾನು ಬರೀತಾ ಹೋದೆ, ನಾಲ್ಕು ಪುಟ ಆಯ್ತು. ಮಾತ್ರೆ ಬಾಳೆಹಣ್ಣಿನ ತುಂಡಲ್ಲಿ ಇಟ್ಟು ಕೊಡಬೇಕು, ನುಂಗಿದ ಮೇಲೂ ಎರಡು ನಿಮಿಷ ನೋಡ್ತಿರಬೇಕು, ಕೆಲವೊಮ್ಮೆ ಉಗಿದುಬಿಡ್ತಾನೆ. ಗ್ಯಾಸ್ ಸಿಲಿಂಡರ್‌ನವರು ಬಂದರೆ ಹಿಂದಿನ ರೂಮಿಗೆ ಹಾಕಬೇಕು. ಸಂಜೆ ವಾಕಿಂಗ್‌ಗೆ ಪಾರ್ಕಿನ ಎಡಗಡೆ ರಸ್ತೆ ಬೇಡ. ಇದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ, ನಾನೂ ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದರೂ.

ಹೊರಡುವ ಎರಡು ವಾರ ಮುಂಚೆ ಒಂದು ರಾತ್ರಿ ಟ್ರಯಲ್. ನಾವೆಲ್ಲ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋದೆವು. ರಾತ್ರಿ ಒಂಬತ್ತಕ್ಕೆ ಹುಡುಗಿಯ ಫೋನ್: "ಅಕ್ಕಾ, ತಟ್ಟೆ ಮೂಸಿ ನೋಡಾಂಗಿಲ್ಲ." ಅಮ್ಮ ಸ್ವಲ್ಪ ಯೋಚನೆ ಮಾಡಿ ಕೇಳಿದಳು, "ಕುಕ್ಕರ್ ಇಟ್ಟಿದ್ದೀಯಾ?" ಇಲ್ಲ, ಹುಡುಗಿ ಊಟ ಆರ್ಡರ್ ಮಾಡಿದ್ದಳು. "ಕುಕ್ಕರ್ ಇಡಮ್ಮ. ಮೂರನೇ ವಿಷಲ್ ಆದ್ಮೇಲೆ ತಟ್ಟೆ ಇಡು." ಹತ್ತು ನಿಮಿಷದಲ್ಲಿ ಖಾಲಿ ತಟ್ಟೆಯ ಫೋಟೋ ಬಂತು. ನಾಲ್ಕು ಪುಟದಲ್ಲೂ ಅದು ಇರಲಿಲ್ಲ, ಅಮ್ಮನಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಟ್ರಯಲ್ ಮಾಡದೆ ಯಾರೂ ವಿಮಾನ ಹತ್ತಬೇಡಿ ಅಂತ ನಾನು ಹೇಳೋದು ಇದಕ್ಕೇ.

ಗುದೌರಿ ಸುಮಾರು 2,200 ಮೀಟರ್ ಎತ್ತರದ ಊರು, ಟಿಬಿಲಿಸಿಯಿಂದ 120 ಕಿಲೋಮೀಟರ್. ಅಲ್ಲಿ ಸಂಜೆ ಆರೂವರೆ ಆದ್ರೆ ಬೆಂಗಳೂರಲ್ಲಿ ಎಂಟು. ದಿನಾ ಆರೂವರೆಗೆ ಅಮ್ಮ ಫೋನ್ ಹಿಡಿದು ಕೂರುತ್ತಿದ್ದಳು, ಮಾತ್ರೆಯ ವಿಡಿಯೋ ಬರುವ ತನಕ. ನಾಲ್ಕನೇ ದಿನ ವಿಡಿಯೋ ಬರಲಿಲ್ಲ. ಕಾಲ್ ಬಂತು. ಗುಂಡನಿಗೆ ಫಿಟ್ಸ್ ಬಂದಿತ್ತು.

ಹುಡುಗಿ ಗಾಬರಿಯಾಗಿರಲಿಲ್ಲ. ಹತ್ತಿರದ ಕುರ್ಚಿ ಸರಿಸಿ, ಲೈಟ್ ಆರಿಸಿ, ಗಡಿಯಾರ ನೋಡಿದ್ದಳು. ಬಾಯಿಗೆ ಕೈ ಹಾಕಿರಲಿಲ್ಲ. ಒಂದೂವರೆ ನಿಮಿಷಕ್ಕೆ ನಿಂತಿತ್ತು. ಐದು ನಿಮಿಷ ದಾಟಿದರೆ ಅಥವಾ ಬೆನ್ನು ಬೆನ್ನಿಗೆ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು ಅನ್ನೋದು ಅವಳಿಗೆ ಗೊತ್ತಿತ್ತು, ಆಟೋದವರ ನಂಬರೂ ಇತ್ತು. ಡಾಕ್ಟರ್ ಜೊತೆ ಮಾತಾಡಿ ಮಾತ್ರೆಯನ್ನೂ ಕೊಟ್ಟಾಗಿತ್ತು.

"ನಾನು ಅಲ್ಲಿರ್ಬೇಕಿತ್ತು" ಅಂತ ಅಮ್ಮ ಅಳೋಕೆ ಶುರು ಮಾಡಿದಳು. ನಮಗ್ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಆ ಕಡೆಯಿಂದ ಹುಡುಗಿಯೇ ಹೇಳಿದಳು: "ಆಂಟಿ, ನೀವಿದ್ರೂ ಬರ್ತಿತ್ರಿ. ಈಗ ನಾ ಅದೀನಲ್ಲ, ಚಿಂತಿ ಮಾಡಬ್ಯಾಡ್ರಿ." ಕ್ಯಾಮೆರಾ ತಿರುಗಿಸಿದಳು. ಗುಂಡ ಅಮ್ಮನ ಹಳೇ ಸೀರೆ ಮೇಲೆ ಮಲಗಿ ನಿಧಾನವಾಗಿ ಬಾಲ ಆಡಿಸುತ್ತಿದ್ದ.

ಮರುದಿನ ಬೆಳಿಗ್ಗೆ ಅಮ್ಮ ರೂಮಿನಲ್ಲೇ ಕೂರುತ್ತಾಳೆ ಅಂದುಕೊಂಡಿದ್ದೆ. ಕೆಳಗೆ ಬಂದು ನೋಡಿದರೆ ಹೋಟೆಲ್ ಮುಂದಿನ ಹಿಮದಲ್ಲಿ ಕೂತು ಒಂದು ದಪ್ಪ ಬೀದಿ ನಾಯಿಗೆ ಬ್ರೆಡ್ ಹಾಕುತ್ತಿದ್ದಳು. ಅದರ ಕಿವಿಯಲ್ಲಿ ಪ್ಲಾಸ್ಟಿಕ್ ಬಿಲ್ಲೆ. ಲಸಿಕೆ, ಆಪರೇಷನ್ ಆದ ಬೀದಿ ನಾಯಿಗಳಿಗೆ ಜಾರ್ಜಿಯಾದಲ್ಲಿ ಹಾಕುವ ಗುರುತು. "ನಮ್ಮ ಗುಂಡಂಗೆ ಕಿವಿ ಕತ್ತರಿಸಿದಾರೆ, ಇವ್ನಿಗೆ ಓಲೆ ಹಾಕಿದಾರೆ ನೋಡು" ಅಂದಳು. ಆಮೇಲೆ ಎದ್ದು ಕೈ ಒರೆಸಿಕೊಂಡು, "ಆ ಕೇಬಲ್ ಕಾರ್ ಮೇಲೆ ಎಲ್ಲೀವರೆಗೆ ಹೋಗುತ್ತೆ?" ಅಂತ ಕೇಳಿದಳು.

ಹೋದೆವು. ಇಡೀ ದಾರಿ ಕಿಟಕಿಗೆ ಮುಖ ಒತ್ತಿಕೊಂಡೇ ಕೂತಿದ್ದಳು. ತಿರುಗಾಟ ಇಷ್ಟ ಇಲ್ಲದ ನಮ್ಮಮ್ಮ.

ನಿಮ್ಮ ಮುಂದಿನ ಟ್ರಿಪ್‌ಗೆ ನಾಯಿಯನ್ನ ಎಲ್ಲಿ ಬಿಡೋದು ಅಂತ ಯೋಚಿಸುವಾಗ, ಇಷ್ಟು ದಿನ ಅದರ ಜೊತೆ ಯಾರು ಉಳೀತಿದ್ದರು ಅಂತಲೂ ಒಮ್ಮೆ ನೋಡಿಕೊಳ್ಳಿ. ಅವರ ಪಾಸ್‌ಪೋರ್ಟನ್ನೂ ತೆಗೆದು ನೋಡಿ.