ಲ್ಯಾಬಿನ ಆಂಟಿವೈರಸ್ ಅವಧಿ ಮುಗಿದಿದೆ ಅಂದರೆ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಎಂದರ್ಥವೇ?

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಹುಡುಗಿಯೊಬ್ಬಳು ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೂತಿದ್ದಾಳೆ ಅಂದುಕೊಳ್ಳಿ. ಪರದೆಯ ಮೂಲೆಯಲ್ಲಿ ಒಂದು ಕೆಂಪು ಪೆಟ್ಟಿಗೆ: ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ. ಕಂಪ್ಯೂಟರ್ ಅಪಾಯದಲ್ಲಿದೆ.’ ಅವಳು ಫೋಟೊ ತೆಗೆದು ಕ್ಲಾಸ್ ಗ್ರೂಪಿಗೆ ಹಾಕುತ್ತಾಳೆ. ರಾತ್ರಿಯೊಳಗೆ ಅದು ‘ಲ್ಯಾಬಿಗೆ ವೈರಸ್ ಬಂದಿದೆ, ಎಲ್ಲರ ಬ್ಯಾಂಕ್ ಮಾಹಿತಿ ಹೋಗಿದೆ, ಕೂಡಲೇ ಎಲ್ಲರಿಗೂ ಕಳಿಸಿ’ ಎಂಬ ಫಾರ್ವರ್ಡ್ ಆಗಿ ಅಪ್ಪನ ಮೊಬೈಲಿಗೂ ಬಂದಿರುತ್ತದೆ.

ಇದರಲ್ಲಿ ನಿಜ ಎಷ್ಟು, ಗಾಬರಿ ಎಷ್ಟು?

ಅವಧಿ ಮುಗಿದರೆ ಆಗುವುದೇನು?

ಪೊಲೀಸ್ ಠಾಣೆಯಲ್ಲಿ ಕಳ್ಳರ ಫೋಟೊ ಪಟ್ಟಿ ಇರುವಂತೆ ಆಂಟಿವೈರಸ್ ಬಳಿಯೂ ಗೊತ್ತಿರುವ ವೈರಸ್‌ಗಳ ಪಟ್ಟಿ ಇರುತ್ತದೆ. ಹೊಸ ವೈರಸ್‌ಗಳು ದಿನವೂ ಹುಟ್ಟುವುದರಿಂದ ಕಂಪನಿ ಆ ಪಟ್ಟಿಗೆ ಹೊಸ ಹೆಸರು ಸೇರಿಸುತ್ತಲೇ ಇರುತ್ತದೆ. ನಾವು ವರ್ಷಕ್ಕೊಮ್ಮೆ ಹಣ ಕಟ್ಟುವುದು ಮುಖ್ಯವಾಗಿ ಇದಕ್ಕೆ. ಅವಧಿ ಮುಗಿದ ಮೇಲೆ ಕೆಲವು ಆಂಟಿವೈರಸ್‌ಗಳು ಹಳೆಯ ಪಟ್ಟಿ ಹಿಡಿದೇ ಕಾವಲು ಕಾಯುತ್ತವೆ, ಕೆಲವು ಕೆಲಸವನ್ನೇ ನಿಲ್ಲಿಸುತ್ತವೆ. ಹಾಗಾಗಿ ಆ ಕೆಂಪು ಪೆಟ್ಟಿಗೆ ಹೇಳುವುದು ‘ಕಾವಲು ಸಡಿಲವಾಗಿದೆ’ ಎಂದಷ್ಟೇ. ‘ಕಳ್ಳ ಒಳಗೆ ಬಂದಿದ್ದಾನೆ’ ಎಂದು ಅದು ಹೇಳುತ್ತಿಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಉಚಿತವಾಗಿ ಜೊತೆಯಲ್ಲೇ ಬರುತ್ತದೆ. ಅದಕ್ಕೆ ಪ್ರತಿವರ್ಷ ಹಣ ಕಟ್ಟಬೇಕಿಲ್ಲ. ಬೇರೆ ಆಂಟಿವೈರಸ್ ಹಾಕಿದಾಗ ಅದು ಕುರ್ಚಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಹಾಕಿದ್ದರ ಅವಧಿ ಮುಗಿದಾಗ ಡಿಫೆಂಡರ್ ಮರಳಿ ಕೂರಬೇಕು. ಆದರೆ ಅವಧಿ ಮುಗಿದದ್ದು ಕುರ್ಚಿ ಬಿಡದೆ ಕೂತಿದ್ದರೆ ಇಬ್ಬರಲ್ಲಿ ಒಬ್ಬರೂ ಸರಿಯಾಗಿ ಕಾವಲು ಕಾಯುವುದಿಲ್ಲ.

ಲ್ಯಾಬಿನಲ್ಲಿ ಏನು ಮಾಡಬೇಕು?

1. ಮೊದಲು ತಾರೀಖು ನೋಡಿ. ಹಳೆಯ ಕಂಪ್ಯೂಟರ್‌ಗಳ ಒಳಗಿನ ನಾಣ್ಯದಂಥ ಪುಟ್ಟ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡುತ್ತದೆ. ಆಗ ಅವಧಿ ಇದ್ದರೂ ಆಂಟಿವೈರಸ್ ತಕರಾರು ತೆಗೆಯಬಹುದು. ಆ ಬ್ಯಾಟರಿ ಬದಲಿಸಲು ಹೆಚ್ಚು ಖರ್ಚಿಲ್ಲ.

2. ಲೈಸೆನ್ಸ್ ಎಷ್ಟು ಕಂಪ್ಯೂಟರ್‌ಗೆ ಎಂದು ಕಚೇರಿಯಲ್ಲಿ ಕೇಳಿ. ಹತ್ತು ಕಂಪ್ಯೂಟರ್‌ಗೆ ತಂದ ಕೀಯನ್ನು ಇಪ್ಪತ್ತಕ್ಕೆ ಹಾಕಿದರೆ ಉಳಿದವು ಅದನ್ನು ಒಪ್ಪುವುದಿಲ್ಲ.

3. ಹಣ ಕಟ್ಟಿ ಮುಂದುವರಿಸುವುದಿಲ್ಲ ಎಂದಾದರೆ ಹಳೆಯದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ನಂತರ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಡಿಫೆಂಡರ್ ಆನ್ ಆಗಿದೆಯೇ ನೋಡಿ. ಅಪ್‌ಡೇಟ್ ಮಾಡಿ ಒಮ್ಮೆ ಫುಲ್ ಸ್ಕ್ಯಾನ್ ಹಾಕಿ.

4. ವಿಂಡೋಸ್ ಅಪ್‌ಡೇಟ್ ಮರೆಯಬೇಡಿ. 2017ರ ಮೇ 12ರಂದು ಶುರುವಾದ ವನ್ನಾಕ್ರೈ ದಾಳಿ ಸುಮಾರು 150 ದೇಶಗಳಿಗೆ ಹರಡಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕಿಬಿದ್ದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಬಂದಿತ್ತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ಇಂಥ ಕಂಪ್ಯೂಟರ್‌ಗೆ ಆಂಟಿವೈರಸ್ ಮಾತ್ರ ಹೊಸದು ತಂದರೆ, ಗೋಡೆಯಲ್ಲಿ ಕಿಂಡಿ ಬಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ.

ಇವನ್ನು ನಂಬಬೇಡಿ

‘ತಾರೀಖು ಹಿಂದಕ್ಕೆ ಇಟ್ಟರೆ ಆಂಟಿವೈರಸ್ ಓಡುತ್ತದೆ’: ಹಾಗೆ ಮಾಡಿದರೂ ವೈರಸ್ ಪಟ್ಟಿ ಹೊಸದಾಗುವುದಿಲ್ಲ. ಅದರ ಮೇಲೆ, ತಾರೀಖು ತಪ್ಪಿದ್ದರೆ ವಿದ್ಯಾರ್ಥಿವೇತನದ್ದೂ ಸೇರಿ ಎಷ್ಟೋ ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ.

‘ಕ್ರ್ಯಾಕ್ ಹಾಕಿದರೆ ಫ್ರೀ’: ಕ್ರ್ಯಾಕ್ ಫೈಲ್ ಜೊತೆ ವೈರಸ್ ಸೇರಿಸಿ ಹಂಚುವುದು ಕಳ್ಳರ ಹಳೆಯ ದಾರಿ. ಹೆಚ್ಚಿನ ಕ್ರ್ಯಾಕ್‌ಗಳು ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂದು ಹೇಳುವುದನ್ನು ಗಮನಿಸಿದ್ದೀರಾ?

‘ಎರಡು ಆಂಟಿವೈರಸ್ ಇದ್ದರೆ ಡಬಲ್ ರಕ್ಷಣೆ’: ಎರಡೂ ಒಂದೇ ಫೈಲಿಗೆ ಜಗ್ಗಾಡಿ ಕಂಪ್ಯೂಟರ್ ನಿಧಾನವಾಗುತ್ತದೆ.

‘ಪರದೆಯಲ್ಲಿ ಬಂದದ್ದೆಲ್ಲ ನಿಜ’: ಬ್ರೌಸರ್‌ನಲ್ಲಿ ಯಾವುದೋ ವೆಬ್‌ಸೈಟಿಗೆ ‘ಅಲೋ’ ಒತ್ತಿದ್ದರೆ ಅದೂ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂದು ಪೆಟ್ಟಿಗೆ ತೋರಿಸಬಲ್ಲದು. ಅದರಲ್ಲಿರುವ ಕಂಪನಿಯ ಆಂಟಿವೈರಸ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲವೇ ಇಲ್ಲ ಎಂದರೆ ಅದು ಮೋಸ. ಅಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ, ಲಿಂಕ್ ಒತ್ತಿ ಹಣ ಕಟ್ಟಬೇಡಿ. ಈಗಾಗಲೇ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಆ ಹುಡುಗಿ ಏನು ಮಾಡಬೇಕು?

ಲ್ಯಾಬಿನ ಕಂಪ್ಯೂಟರ್ ಊರ ಬಾವಿಯಂತೆ. ಎಲ್ಲರೂ ಬಳಸುತ್ತಾರೆ, ಶುಚಿ ಮಾಡುವುದು ಯಾರ ಕೆಲಸ ಎಂಬುದು ಮಾತ್ರ ಎಷ್ಟೋ ಕಡೆ ತೀರ್ಮಾನವಾಗಿರುವುದಿಲ್ಲ. ಅಲ್ಲಿ ಹಾಕಿದ ಪೆನ್‌ಡ್ರೈವ್ ಸಂಜೆ ಜೆರಾಕ್ಸ್ ಅಂಗಡಿಗೆ, ರಾತ್ರಿ ಮನೆಯ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಆದ್ದರಿಂದ ಅವಳ ಎಚ್ಚರಿಕೆ ತಪ್ಪಲ್ಲ, ಅದು ತಲುಪಬೇಕಾದ ಜಾಗ ಬೇರೆ. ಆ ಫೋಟೊ ಮೊದಲು ಹೋಗಬೇಕಾದದ್ದು ಲ್ಯಾಬ್ ನೋಡಿಕೊಳ್ಳುವ ಸರ್ ಅಥವಾ ಮೇಡಂಗೆ. ಸರಿಪಡಿಸುವವರೆಗೆ ಆಧಾರ್, ಬ್ಯಾಂಕ್ ವಿವರದ ಅರ್ಜಿಯನ್ನು ತನ್ನದೇ ಮೊಬೈಲಿನಲ್ಲಿ ತುಂಬುವುದು ಒಳ್ಳೆಯದು.

ಗ್ರೂಪಿಗೂ ಹಾಕಲೇಬೇಕೆಂದರೆ ಹೀಗೆ ಹಾಕಬಹುದು: ‘ಲ್ಯಾಬಿನ ಆಂಟಿವೈರಸ್ ಅವಧಿ ಮುಗಿದಿದೆ, ವೈರಸ್ ಬಂದಿದೆ ಎಂದಲ್ಲ. ಸರ್‌ಗೆ ತಿಳಿಸಿದ್ದೇವೆ. ಸರಿಯಾಗುವ ತನಕ ಅಲ್ಲಿ ಪಾಸ್‌ವರ್ಡ್ ಹೊಡೆಯಬೇಡಿ, ಪೆನ್‌ಡ್ರೈವ್ ಹಾಕಬೇಡಿ.’ ಇದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ.