ಸಿ.ವಿ.ಎ. ಅಂದ್ರೆ ಏನು ಸ್ವಾಮಿ?

ನಮ್ಮೂರ ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬರೆದೇ ಬಿಡ್ತೀನಿ. ಓದುವವರಲ್ಲಿ ಡಾಕ್ಟರುಗಳೂ ಇದ್ದೀರಿ, ಬೈಯೋದಾದ್ರೆ ಪೂರ್ತಿ ಓದಿ ಬೈಯಿರಿ :-)

ನನ್ನ ಹೊಟ್ಟೆಪಾಡು ಮೆಡಿಕಲ್ ಕೋಡಿಂಗ್. ದಿನಾ ವಿದ್ಯಾರಣ್ಯಪುರದಿಂದ ಹೊರಟು, ಹೆಬ್ಬಾಳ ಫ್ಲೈಓವರಿನಲ್ಲಿ ಅರ್ಧ ಆಯುಷ್ಯ ಕಳೆದು, ಅಮೆರಿಕದ ರೋಗಿಗಳ ಫೈಲ್ ಓದಿ ಒಂದೊಂದು ಕಾಯಿಲೆಗೂ ಕೋಡ್ ಹಾಕೋದು. ನೆಂಟರಿಗೆಲ್ಲ ಅಮ್ಮ "ಸಾಫ್ಟ್‌ವೇರ್" ಅಂತಲೇ ಹೇಳಿಕೊಂಡು ಬಂದಿದ್ದಾರೆ. ನಾನೂ ತಿದ್ದಿಲ್ಲ.

ಅಲ್ಲಿ ಯಾರಿಗೋ ಲಕ್ವ ಹೊಡೆದರೆ ಇಲ್ಲಿ ಕೂತು ನಾನು ಏನೇನು ಹುಡುಕಬೇಕು ಗೊತ್ತೇ? ರಕ್ತನಾಳ ಕಟ್ಟಿಕೊಂಡಿದ್ದೋ ಒಡೆದಿದ್ದೋ. ಕಟ್ಟಿಕೊಂಡಿದ್ದರೆ ಯಾವ ನಾಳ, ಯಾವ ಕಡೆ, ಹೆಪ್ಪು ಅಲ್ಲೇ ಆಗಿದ್ದೋ ಬೇರೆ ಕಡೆಯಿಂದ ತೇಲಿ ಬಂದಿದ್ದೋ. ಮೆದುಳಿನ ಬಲಗಡೆ ಮಧ್ಯದ ಧಮನಿಗೆ ತೇಲಿಬಂದ ಹೆಪ್ಪು ಸಿಕ್ಕಿಕೊಂಡಿದ್ದರೆ ಐ63.411, ಎಡಗಡೆಯಾದರೆ ಐ63.412. ಬಿದ್ದುಹೋದ ಕೈ ರೋಗಿ ಹೆಚ್ಚು ಬಳಸೋ ಕೈಯೋ ಅಲ್ಲವೋ, ಅದಕ್ಕೂ ಬೇರೆ ಬೇರೆ ಕೋಡ್. ಇದರ ಮೇಲೆ ಎನ್‌ಐಎಚ್ ಸ್ಟ್ರೋಕ್ ಸ್ಕೇಲ್ ಅಂತ ಒಂದಿದೆ. ಸೊನ್ನೆಯಿಂದ 42ರ ತನಕ ಅಂಕ, 20 ದಾಟಿದರೆ ತೀವ್ರ ಅಂತ ಲೆಕ್ಕ. 2016ರ ಅಕ್ಟೋಬರಿನಿಂದ ಅಲ್ಲಿ ಆ ಅಂಕಕ್ಕೂ ಕೋಡ್ ಬಂತು. 22 ಇದ್ದರೆ ಆರ್29.722.

ಇನ್ನೊಂದು ತಮಾಷೆ ಕೇಳಿ. ಮೆದುಳು ಊದಿದೆ ಅಂತ ಸ್ಕ್ಯಾನ್ ರಿಪೋರ್ಟಿನಲ್ಲಿ ಕಣ್ಣಿಗೆ ರಾಚೋ ಹಾಗೆ ಇದ್ದರೂ, ನೋಡಿಕೊಳ್ಳೋ ಡಾಕ್ಟರು ತಮ್ಮ ಕೈಯಾರೆ ಬರೆಯದಿದ್ದರೆ ನಾನು ಕೋಡ್ ಹಾಕೋ ಹಾಗಿಲ್ಲ. ಅವರಿಗೆ ಪ್ರಶ್ನೆ ಹೋಗುತ್ತೆ, ಉತ್ತರ ಬರೋವರೆಗೆ ಫೈಲ್ ನಿಲ್ಲುತ್ತೆ. ಅಮೆರಿಕದವರೇನು ಧರ್ಮಕ್ಕೆ ಮಾಡ್ತಿಲ್ಲ. ಆ ಒಂದು ಮಾತು ಸೇರಿದರೆ ಡಿಆರ್‌ಜಿ 65ರಲ್ಲಿದ್ದ ಬಿಲ್ಲು 64ಕ್ಕೆ ಹೋಗಿ ಆಸ್ಪತ್ರೆಗೆ ಜಾಸ್ತಿ ದುಡ್ಡು. ದುಡ್ಡಿನಾಸೆಗೇ ಇರಲಿ, ಬರೆಯೋದು ಅಭ್ಯಾಸ ಆಯ್ತಲ್ಲ!

ಈಗ ನಮ್ಮ ರಸ್ತೆಗೆ ಬನ್ನಿ. ಪಕ್ಕದ ಮನೆ ಅಂಕಲ್‌ಗೆ ಹೋದ ವರ್ಷ ಲಕ್ವ ಹೊಡೀತು. ಎಡಗಡೆ ಕೈಕಾಲು ಪೂರ್ತಿ ಬಿತ್ತು, ಮೂಗಿಗೆ ನಳಿಕೆ ಹಾಕಿಸಿಕೊಂಡೇ ಮನೆಗೆ ಬಂದರು. ಆಂಟಿ ಕಾಗದ ತಂದು, "ನೀನು ಇದೇ ಕೆಲ್ಸ ಮಾಡ್ತೀಯಲ್ಲಪ್ಪ, ಏನ್ ಬರ್ದಿದಾರೆ ನೋಡು" ಅಂದ್ರು. ನೋಡಿದೆ. "ಸಿವಿಎ. ಲೆಫ್ಟ್ ಹೆಮಿ. ಬಿಪಿ." ಕೊನೆಯಲ್ಲಿ "ಬಿಡುಗಡೆಯಾಗುವಾಗ ಸ್ಥಿತಿ: ಸ್ಟೇಬಲ್". ಹದಿನೊಂದು ದಿನ ಐಸಿಯು ಬಿಲ್ಲು ಮಾತ್ರ ಹತ್ತಿ ಉಂಡೆ, ಸಿರಿಂಜು ಸಮೇತ ಆರು ಪುಟ! ಹೆಪ್ಪೋ ರಕ್ತಸ್ರಾವವೋ ಇಲ್ಲ, ಅಂಕ ಇಲ್ಲ, ನುಂಗೋಕೆ ಆಗಲ್ಲ ಅನ್ನೋ ಮಾತೂ ಇಲ್ಲ.

ಅವರದೊಂದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಇತ್ತು. ಐಆರ್‌ಡಿಎಐ ಮಾಡಿಟ್ಟಿರೋ ವ್ಯಾಖ್ಯೆ ಪ್ರಕಾರ ಸ್ಟ್ರೋಕಿಗೆ ದುಡ್ಡು ಬರಬೇಕಾದರೆ ಸ್ಕ್ಯಾನ್ ಬೇಕು, ತಜ್ಞರು ದೃಢಪಡಿಸಬೇಕು, ಶಾಶ್ವತ ನರದೌರ್ಬಲ್ಯ ಕನಿಷ್ಠ 3 ತಿಂಗಳು ಉಳಿದಿದೆ ಅನ್ನೋದಕ್ಕೆ ಪುರಾವೆ ಬೇಕು. ಇಲ್ಲಿ ಪುರಾವೆ ಅಂದ್ರೆ "ಸ್ಟೇಬಲ್". ಫೈಲ್ ವಾಪಸ್ ಬಂತು. ಆಂಟಿ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗಕ್ಕೆ ಮೂರು ಸಲ ಅಲೆದರು. ಬರೆದ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದಾರಂತೆ. ಗಂಡನನ್ನ ಮಗ್ಗುಲು ತಿರುಗಿಸೋಕೆ ಮನೇಲಿ ಇನ್ನೊಬ್ಬರಿಲ್ಲ, ಹೆಂಗಸು ಅಲ್ಲಿ ಕ್ಯೂ ನಿಂತಿದ್ದಾರೆ.

"ಡಾಕ್ಟರಿಗೆ ಟೈಮೆಲ್ಲಿದೆ" ಅಂತೀರಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಾಗಿಲ ತನಕ ಸಾಲು ಇರುವಾಗ ಆ ಮಾತು ಒಪ್ತೀನಿ. ಲಕ್ಷಗಟ್ಟಲೆ ಬಿಲ್ ಮಾಡೋ ಕಡೆ ಒಪ್ಪಲ್ಲ. ಆ ಸ್ಕೇಲಿಗೆ ಬೇಕಾಗೋದು ಹತ್ತು ನಿಮಿಷದೊಳಗೆ, ತರಬೇತಾದ ನರ್ಸೂ ಮಾಡಬಹುದು. ಅದು ಬರೀ ಬಿಲ್ಲಿನ ಬಾಬತ್ತೂ ಅಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು. ಮೊದಲು ನೋಡಿದ ನರ್ಸಿಂಗ್ ಹೋಮಿನವರು "ಕೊನೆಯ ಸಲ ಸರಿಯಿದ್ದದ್ದು ಇಷ್ಟು ಹೊತ್ತಿಗೆ" ಅಂತ ಚೀಟಿಯಲ್ಲಿ ಬರೆಯದೆ ಕಳಿಸಿದರೆ, ಮೇಖ್ರಿ ಸರ್ಕಲ್ ದಾಟಿ ನಿಮ್ಹಾನ್ಸ್ ಮುಟ್ಟೋ ಹೊತ್ತಿಗೆ ಅಳುತ್ತಿರೋ ಮಗಳನ್ನ ಮತ್ತೆ ಕೇಳಬೇಕು.

ಹಾಗಂತ ಆ ಸ್ಕೇಲನ್ನ ಕಣ್ಣುಮುಚ್ಚಿ ಆರತಿ ಎತ್ತೋಕೂ ನಾನು ತಯಾರಿಲ್ಲ. ಅದರಲ್ಲಿ ಇದು ಯಾವ ತಿಂಗಳು, ನಿಮ್ಮ ವಯಸ್ಸೆಷ್ಟು ಅಂತ ಕೇಳ್ತಾರೆ. ಹತ್ತಿರ ಹತ್ತಿರ ಹೇಳಿದರೆ ನಡೆಯಲ್ಲ. "ಆಷಾಢ ಕಣಪ್ಪಾ, ಎಪ್ಪತ್ತೋ ಎಂಬತ್ತೋ ಆಗಿರ್ಬೇಕು" ಅನ್ನೋ ನಮ್ಮ ಗಟ್ಟಿಮುಟ್ಟು ಅಜ್ಜಿಗೂ ಎರಡು ಅಂಕ ಗ್ಯಾರಂಟಿ! ಅದನ್ನೂ ಹಿಂದಿಯಲ್ಲಿ ಕೇಳಿದರೆ ಕತೆ ಮುಗೀತು. ಮಾತೇ ಹೊಳೆಯದಿರೋದು ಬೇರೆ, ನಾಲಗೆ ತೊದಲೋದು ಬೇರೆ. ಒಂದಕ್ಕೆ ಆರ್47.01, ಇನ್ನೊಂದಕ್ಕೆ ಆರ್47.1, ಆಮೇಲಿನ ಸ್ಪೀಚ್ ಥೆರಪಿಯೂ ಬೇರೆ. ಕನ್ನಡ ಬಾರದ ಡ್ಯೂಟಿ ಡಾಕ್ಟರು ಇವೆರಡನ್ನ ಹೇಗೆ ಬೇರೆ ಮಾಡ್ತಾರೆ? "ಮಾತು ಅಸ್ಪಷ್ಟ" ಅಂತ ಗೀಚಿ ಮುಂದಿನ ಬೆಡ್ಡಿಗೆ ಹೋಗ್ತಾರೆ. ಆಸ್ಪತ್ರೆಯಲ್ಲಿ ಕನ್ನಡ ಬೇಕು ಅಂದ್ರೆ ಬೋರ್ಡಿನ ಬಗ್ಗೆ ಮಾತ್ರ ಜಗಳ ಆಡ್ತೀವಿ, ಇದರ ಬಗ್ಗೆ ಯಾರೂ ಉಸಿರೆತ್ತಲ್ಲ.

ಇನ್ನು ತೀರಿಕೊಂಡರೆ ಕಾರಣ ಏನು ಬರೀತಾರೆ? "ಹೃದಯ, ಉಸಿರಾಟ ಸ್ತಂಭನ." ಅಲ್ಲಾ ಸ್ವಾಮಿ, ಸತ್ತವರೆಲ್ಲರ ಹೃದಯವೂ ನಿಂತೇ ನಿಲ್ಲುತ್ತೆ! ಆಸ್ಪತ್ರೆಯವರು ತುಂಬೋ ನಮೂನೆ 4ರಲ್ಲೇ, ಸತ್ತ ರೀತಿ ಬರೆಯಬೇಡಿ, ಸಾವಿಗೆ ತಂದ ರೋಗ ಬರೆಯಿರಿ ಅಂತ ಸೂಚನೆ ಇದೆ. ಓದೋರು ಯಾರು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢಪಡಿಸಿದ್ದೇ ಶೇ. 22.5. ಆ ಸ್ವಲ್ಪದರಲ್ಲೂ ಲಕ್ವದ ಸಾವು ಹೀಗೆ ಕಳೆದುಹೋದರೆ, ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯದ ಯೋಜನೆಯವರು ಯಾವ ತಾಲ್ಲೂಕಿಗೆ ಏನು ಬೇಕು ಅಂತ ಯಾವ ಲೆಕ್ಕದ ಮೇಲೆ ಹೇಳಬೇಕು?

ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆದಮೇಲೆ, ಸಾವಿನ ಕಾರಣದ ಆ ಸರ್ಟಿಫಿಕೇಟಿನ ಒಂದು ಪ್ರತಿಯನ್ನ ಹತ್ತಿರದ ಸಂಬಂಧಿಗೆ ಶುಲ್ಕವಿಲ್ಲದೆ ಕೊಡಬೇಕು. ಕೌಂಟರಿನಲ್ಲಿ "ಹಾಗೇನಿಲ್ಲ" ಅಂದರೆ ಜಗಳಕ್ಕೆ ನಿಲ್ಲಿ. ಮನೆಗೆ ಬರೋದಾದರೆ, ಡಿಸ್ಚಾರ್ಜ್ ದಿನ ಸಹಿ ಹಾಕೋ ಮೊದಲು ಕೇಳಿ: ಹೆಪ್ಪಾ, ರಕ್ತಸ್ರಾವಾನಾ? ಯಾವ ಕಡೆ? ಸ್ಕೋರ್ ಎಷ್ಟಿತ್ತು, ಈಗೆಷ್ಟು? ಅಷ್ಟನ್ನೂ ಬರೆಸಿಕೊಳ್ಳದೆ ಗೇಟ್ ಪಾಸ್ ಇಸ್ಕೋಬೇಡಿ.